‘ಅಥವಾ’ ಎಂಬ ಒಂದು ಪದ

ಸೋಶಿಯಲ್ ಮೀಡಿಯಾದಲ್ಲಿ ಹಾಕಿದ ಪೋಸ್ಟ್ ಕಳೆದುಕೊಂಡು ನನ್ನ ವಕೀಲಿ ಆಫೀಸಿಗೆ ಬರುವವರು ಮೊದಲು ಕೇಳುವುದು, "ಸಾರ್, ಇದನ್ನ ತೆಗೆಸಿದ್ದು ಯಾರು?" ಎಂದು. ಎಷ್ಟೋ ಸಲ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಕಂಪನಿ ಕಳಿಸಿದ ಮೇಲ್‌ನಲ್ಲಿ ಕಾನೂನಿನ ಪ್ರಕಾರ ತಡೆದಿದ್ದೇವೆ ಎಂದಷ್ಟೇ ಇರುತ್ತದೆ. ಯಾವ ಇಲಾಖೆ ಹೇಳಿತು, ಯಾವ ಸಾಲು ತಪ್ಪು, ಒಂದೂ ಗೊತ್ತಾಗುವುದಿಲ್ಲ.

ಪೋಸ್ಟ್ ತೆಗೆಸಲು ಸರ್ಕಾರ ಮುಖ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಮೊದಲನೆಯದು ಐಟಿ ಕಾಯ್ದೆಯ ಸೆಕ್ಷನ್ 69ಎ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಹೊರದೇಶಗಳ ಜೊತೆಗಿನ ಸ್ನೇಹ, ಹೀಗೆ ಎಣಿಸಿಟ್ಟ ಕೆಲವು ಕಾರಣಗಳಿಗೆ ಮಾತ್ರ ಇದು. ಮಾನಹಾನಿ ಆ ಪಟ್ಟಿಯಲ್ಲೇ ಇಲ್ಲ. ಆದೇಶ ಪಾಲಿಸದ ಕಂಪನಿಗೆ ದಂಡ, ಹೊಣೆಗಾರರಿಗೆ 7 ವರ್ಷದವರೆಗೆ ಜೈಲು ಆಗಬಹುದು. ಹಾಗಿರುವಾಗ ನಿಮ್ಮ ಒಂದು ಪೋಸ್ಟಿಗಾಗಿ ಕಂಪನಿ ಜಗಳಕ್ಕೆ ನಿಲ್ಲುತ್ತದೆ ಎಂದು ಸುಮ್ನೆ ಕಾಯಬೇಡಿ.

ನನ್ನನ್ನು ಕಾಡುವುದು 69ಎಯನ್ನು ಜಾರಿ ಮಾಡುವ ಕ್ರಮ ಹೇಳುವ 2009ರ ಬ್ಲಾಕಿಂಗ್ ನಿಯಮಗಳ 8ನೇ ನಿಯಮ. ನೋಟಿಸ್ ಹೋಗಬೇಕಾದ್ದು ವ್ಯಕ್ತಿಗೆ 'ಅಥವಾ' ಕಂಪನಿಗೆ ಎನ್ನುತ್ತದೆ ಅದು. ಕಂಪನಿಗೆ ತಿಳಿಸಿದರೆ ಸಾಕು, ಬರೆದವರಿಗೆ ಹೇಳಲೇಬೇಕಿಲ್ಲ ಎಂಬ ಓದಿಗೆ ಈ ಒಂದು ಪದ ಜಾಗ ಕೊಟ್ಟಿದೆ. ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ 69ಎಯನ್ನು ಎತ್ತಿಹಿಡಿಯಿತು ನಿಜ. ಆದರೆ ಕಾರಣವನ್ನು ಬರೆದಿಡಬೇಕು, ಅದನ್ನು ರಿಟ್ ಅರ್ಜಿಯಲ್ಲಿ (ಸರ್ಕಾರದ ಕ್ರಮದ ವಿರುದ್ಧ ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ) ಪ್ರಶ್ನಿಸಬಹುದು, ಬರೆದವರು ಯಾರೆಂದು ಗೊತ್ತಾದರೆ ಅವರ ಮಾತನ್ನೂ ಕೇಳಬೇಕು ಎಂಬುದನ್ನು ನೆಚ್ಚಿಕೊಂಡೇ ಎತ್ತಿಹಿಡಿದದ್ದು. ಇತ್ತ 16ನೇ ನಿಯಮ ಇಡೀ ವ್ಯವಹಾರ ಗುಟ್ಟಾಗಿರಬೇಕು ಎನ್ನುತ್ತದೆ. ಕಣ್ಣಿಗೇ ಬೀಳದ ಆದೇಶವನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ಹೇಗೆ, ಹೇಳಿ?

ಈ ಜಗಳ ನಮ್ಮ ಹೈಕೋರ್ಟಿಗೂ ಬಂತು. 39 ಲಿಂಕ್‌ಗಳನ್ನು ತಡೆಯುವ ಆದೇಶಗಳ ವಿರುದ್ಧ ಟ್ವಿಟರ್ (ಈಗಿನ ಎಕ್ಸ್) 2022ರಲ್ಲಿ ಅರ್ಜಿ ಹಾಕಿತು. ಖಾತೆದಾರರಿಗೆ ನೋಟಿಸ್ ಕೊಟ್ಟಿಲ್ಲ ಎಂಬುದೂ ಅದರ ವಾದವಾಗಿತ್ತು. 2023ರ ಜೂನ್ 30ರಂದು ಅರ್ಜಿ ವಜಾ ಆಯಿತು, 50 ಲಕ್ಷ ರೂಪಾಯಿ ಕಟ್ಟುವಂತೆಯೂ ಆದೇಶವಾಯಿತು. ಕಂಪನಿ ಮೇಲ್ಮನವಿ ಹೋಯಿತು. ಪೋಸ್ಟ್ ಬರೆದವರು ಮಾತ್ರ ಹೊರಗೇ ನಿಂತಿದ್ದರು.

ಎರಡನೆಯ ದಾರಿ ಅದೇ ಕಾಯ್ದೆಯ ಸೆಕ್ಷನ್ 79(3)(ಬಿ). ಬಳಕೆದಾರರು ಬರೆದದ್ದಕ್ಕೆ ಕಂಪನಿ ಹೊಣೆಯಲ್ಲ ಎಂಬ ರಕ್ಷಣೆ ಇದೆಯಲ್ಲ, ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಅದು ಹೋಗುತ್ತದೆ. ತೆಗೆಸುವ ಕೋರಿಕೆಯನ್ನು ಪರಿಶೀಲಿಸಲು 69ಎಗೆ ಇರುವಂಥ ಸಮಿತಿ ಇದಕ್ಕಿಲ್ಲ. ಇಂಥ ಸೂಚನೆಗಳು ಹೋಗುವ ಸಹಯೋಗ್ ಪೋರ್ಟಲ್ ವಿರುದ್ಧದ ಅರ್ಜಿಯನ್ನೂ ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಮರುತಿಂಗಳೇ ನಿಯಮ ತಿದ್ದುಪಡಿಯಾಗಿ, ಜಂಟಿ ಕಾರ್ಯದರ್ಶಿ ಅಥವಾ ಡಿಐಜಿ ದರ್ಜೆಯ ಅಧಿಕಾರಿಗಳೇ ಕಾರಣ ಬರೆದು ಕಳಿಸಬೇಕು ಎಂದಾಯಿತು. ಒಳ್ಳೆಯದೇ. ಆದರೆ ಆ ಕಾರಣ ತಲುಪುವುದು ಕಂಪನಿಗೆ, ನಿಮಗಲ್ಲ.

ಬೇಗ ತೆಗೆಸುವ ದಾರಿಯೇ ಬೇಡ ಎನ್ನುತ್ತಿಲ್ಲ ನಾನು. ಮಾರ್ಫ್ ಮಾಡಿದ ಫೋಟೊ ಹಿಡಿದು ಅಳುತ್ತಾ ಬಂದ ಹೆಣ್ಣುಮಕ್ಕಳನ್ನು ಇದೇ ಕುರ್ಚಿಯಲ್ಲಿ ಕೂರಿಸಿ ಮಾತಾಡಿದ್ದೇನೆ. ಅಲ್ಲಿ ಒಂದೊಂದು ಗಂಟೆಯೂ ಮುಖ್ಯ. ಆದರೆ ರಸ್ತೆ ಗುಂಡಿಯ ವಿಡಿಯೊ ಹಾಕಿದವರಿಗೆ ಒಂದು ನೋಟಿಸ್ ಕೊಡಲು ಅಂಥ ಅವಸರ ಏನಿದೆ?

ನಿಮಗೆ ಹೀಗಾದರೆ ಆ ಮೇಲ್ ಅಳಿಸಬೇಡಿ. ಪೋಸ್ಟಿನ ಲಿಂಕ್, ಸ್ಕ್ರೀನ್‌ಶಾಟ್, ತಾರೀಖು ಎತ್ತಿಡಿ. 69ಎ ಎಂದಿದೆಯೋ 79 ಎಂದಿದೆಯೋ ನೋಡಿ. ಆದೇಶದ ಪ್ರತಿ ಕೊಡಿ ಎಂದು ಕಂಪನಿಗೂ ಐಟಿ ಸಚಿವಾಲಯಕ್ಕೂ ಬರೆಯಿರಿ. ಕೊಡುವುದಿಲ್ಲ ಎಂದು ಉತ್ತರ ಬಂದರೆ ಅದನ್ನೂ ಜೋಪಾನ ಮಾಡಿ. ರಿಟ್ ಅರ್ಜಿಗೆ ನಾನು ಮೊದಲು ಲಗತ್ತಿಸುವುದು ಅದೇ ಕಾಗದವನ್ನು.