ನಿಯರ್ ಮಿಸ್: ಸ್ಲಾಟ್ ಗೇಮಲ್ಲಿ 'ಜಸ್ಟ್ ಮಿಸ್ಸು' ಅಂದ್ರೆ ನಿಜವಾಗ್ಲೂ ಏನು

ಮೊಬೈಲಲ್ಲಿ ಸ್ಲಾಟ್, ಅಂದ್ರೆ ದುಡ್ಡು ಕಟ್ಟಿ ಚಿತ್ರದ ಚಕ್ರ ತಿರುಗಿಸೋ ಜೂಜು, ಆಡೋನ ಪಕ್ಕ ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಮಂಡ್ಯ ಬಸ್ ಸ್ಟ್ಯಾಂಡಾಗ್ಲಿ ಮೈಸೂರಿನ ಯಾವುದಾದ್ರೂ ಪಿಜಿ ಆಗ್ಲಿ, ಒಂದು ಮಾತಂತೂ ಕೇಳೇ ಕೇಳುತ್ತೆ: 'ಥೂ, ಜಸ್ಟ್ ಮಿಸ್ಸು ಕಣ್ಲಾ!' ಮೊದಲ್ನೇ ಚಕ್ರದಲ್ಲಿ ಏಳು ಬಂತು, ಎರಡನೇದ್ರಲ್ಲೂ ಏಳು, ಮೂರನೇದು ನಿಧಾನಕ್ಕೆ ಉರುಳ್ತಾ ಉರುಳ್ತಾ ಇನ್ನೇನು ಏಳರ ಮೇಲೆ ನಿಂತೇಬುಡ್ತು ಅನ್ನೋವಾಗ ಒಂದು ಮನೆ ಕೆಳಕ್ಕೆ ಜಾರ್ಕೊಂಡ್ತು. ಇದನ್ನೇ ಮನಶ್ಶಾಸ್ತ್ರದೋರು ನಿಯರ್ ಮಿಸ್ ಅಂತಾರೆ. ಪೂರ್ತಿ ಸೋಲೇ, ಆದ್ರೆ ನೋಡೋಕೆ ಗೆಲುವಿನ ಪಕ್ಕದ ಮನೆಯವನ ಥರ ಕಾಣುತ್ತೆ. ನಿಂಬೆಹಣ್ಣು, ಗಂಟೆ, ಚೆರ್ರಿ ಅಂತ ಮೂರೂ ಬೇರೆ ಬೇರೆ ಬಂದ್ರೂ ಹೋಗೋದು ಅದೇ ಹತ್ತು ರೂಪಾಯಿ, ಏಳು ಏಳು ಬಂದು ಮೂರನೇದು ತಪ್ಪಿದ್ರೂ ಹೋಗೋದು ಅದೇ ಹತ್ತು ರೂಪಾಯಿ. ಆದ್ರೂ ಮೊದಲ್ನೇದಕ್ಕೆ ಯಾರೂ ತೊಡೆ ತಟ್ಕೊಳ್ಳಲ್ಲ.

ಯಾಕೆ ಹಂಗೆ ಅಂದ್ರೆ, ಬದುಕಲ್ಲಿ ಬೇರೆ ಕಡೆ 'ಸ್ವಲ್ಪದ್ರಲ್ಲಿ ತಪ್ತು' ಅನ್ನೋದಕ್ಕೆ ಬೆಲೆ ಇರುತ್ತೆ. ದಸರಾ ಎಕ್ಸಿಬಿಷನ್ನಲ್ಲಿ ರಿಂಗ್ ಎಸೆಯೋ ಅಂಗಡಿ ಇರುತ್ತಲ್ಲ, ರಿಂಗು ಸೋಪಿನ ಡಬ್ಬಕ್ಕೆ ತಾಗಿ ಆಚೆ ಬಿತ್ತು ಅಂದ್ರೆ ಕೈಗೆ ಒಂದು ಸುದ್ದಿ ಸಿಕ್ಕಂಗೆ, ಮುಂದಿನ ಸಲ ಸ್ವಲ್ಪ ಮೆತ್ತಗೆ ಎಸೀಬೇಕು ಅಂತ ಗೊತ್ತಾಗುತ್ತೆ, ನಾಲ್ಕು ಸಲ ಎಸೆದ್ರೆ ಕೈ ಕೂರುತ್ತೆ. ಹತ್ತಿರ ಬಂದ್ರೆ ಇನ್ನೊಂದ್ಸಲ ಟ್ರೈ ಮಾಡು ಅಂತ ಮೆದುಳು ಹೇಳೋದು ಅಲ್ಲಿ ಸರೀನೇ. ಸ್ಲಾಟಲ್ಲಿ ಆ ಹತ್ತಿರ ಅನ್ನೋದೇ ಇಲ್ಲ. ನೀವು ಸ್ಪಿನ್ ಒತ್ತಿದ ಕ್ಷಣಕ್ಕೇ ಕಂಪ್ಯೂಟರು ಒಂದು ರ್‍ಯಾಂಡಮ್ ನಂಬರ್ ತೆಗೆದು ಸೋಲೋ ಗೆಲುವೋ ಮುಗಿಸಿಬಿಟ್ಟಿರುತ್ತೆ, ಆಮೇಲೆ ಚಕ್ರ ತಿರುಗೋದು, ಕೊನೆಯದು ಮಾತ್ರ ನಿಧಾನ ಆಗೋದು, ಡಬ್ಬಡಬ್ಬ ಅಂತ ಮ್ಯೂಸಿಕ್ ಏರೋದು, ಇದೆಲ್ಲಾ ಆಗ್ಲೇ ಬಂದಿರೋ ರಿಸಲ್ಟಿಗೆ ಹಾಕಿರೋ ವಿಡಿಯೋ ಅಷ್ಟೇ. ಹಿಂದಿನ ಸ್ಪಿನ್ನಿಗೂ ಮುಂದಿನದಕ್ಕೂ ಸಂಬಂಧ ಇಲ್ಲ. 'ಇಷ್ಟೊತ್ತಿಂದ ಕೊಟ್ಟಿಲ್ಲ ಗುರು, ಈಗ ಕೊಟ್ಟೇ ಕೊಡುತ್ತೆ' ಅಂತಾರಲ್ಲ, ಆ ಕಂಪ್ಯೂಟರಿಗೆ ನೀವು ಎಷ್ಟೊತ್ತಿಂದ ಆಡ್ತಿದ್ದೀರ ಅನ್ನೋ ನೆನಪೇ ಇರಲ್ಲ.

ಕೇಂಬ್ರಿಜ್‌ನ ಲ್ಯೂಕ್ ಕ್ಲಾರ್ಕ್ ಅನ್ನೋ ಸಂಶೋಧಕ ಮತ್ತೆ ಅವರ ಜೊತೆಯೋರು 2009ರಲ್ಲಿ ಇದನ್ನ ಸ್ಕ್ಯಾನ್ ಮಾಡೇ ನೋಡಿದ್ರು. ಜನ ಸ್ಲಾಟ್ ಥರದ ಆಟ ಆಡೋವಾಗ ಮೆದುಳಿನ ಸ್ಕ್ಯಾನ್ ತೆಗೆದಾಗ, ಗೆದ್ದಾಗ ಚುರುಕಾಗೋ ಜಾಗಗಳಲ್ಲಿ ಕೆಲವು ನಿಯರ್ ಮಿಸ್ಸಿಗೂ ಚುರುಕಾದ್ವು. ಮಜಾ ಅಂದ್ರೆ, ಖುಷಿ ಆಯ್ತಾ ಅಂತ ಕೇಳಿದ್ರೆ ಮಾಮೂಲಿ ಸೋಲಿಗಿಂತ ನಿಯರ್ ಮಿಸ್ಸೇ ಜಾಸ್ತಿ ಬೇಜಾರು ಅಂದ್ರು, ಇನ್ನೊಂದ್ಸಲ ಆಡ್ಬೇಕು ಅನ್ಸುತ್ತಾ ಅಂದ್ರೆ ಹೌದು ಅಂತಾನೂ ಅವರೇ ಅಂದ್ರು. ಅದಕ್ಕಿಂತ ಮುಖ್ಯ ವಿಷಯ ಇನ್ನೊಂದು: ಚಿತ್ರವನ್ನ ತಾವೇ ಆರಿಸಿ ಆಡಿದಾಗ ಮಾತ್ರ ಆ ಆಸೆ ಹೆಚ್ಚಾಗ್ತಿತ್ತು, ಕಂಪ್ಯೂಟರ್ ಆರಿಸಿ ಕೊಟ್ಟಾಗ ಆಗ್ತಿರಲಿಲ್ಲ. ಈಗ ಕೆಲವು ಆ್ಯಪಲ್ಲಿ ಚಕ್ರನ ನೀವೇ ನಿಲ್ಲಿಸಿ ಅಂತ ಸ್ಟಾಪ್ ಬಟನ್ ಯಾಕೆ ಇಟ್ಟಿರ್ತಾರೆ ಅಂತ ಅರ್ಥ ಆಯ್ತಲ್ಲ. ರಿಸಲ್ಟ್ ಆಗ್ಲೇ ಬಂದಾಗಿದೆ, ಬೆರಳಿಗೆ ಮಾತ್ರ ನಾನೇ ನಿಲ್ಲಿಸಿದೆ ಅನ್ನೋ ಭ್ರಮೆ.

ಇದು ಮೊಬೈಲ್ ಕಾಲದ ಕಳ್ಳಾಟ ಏನಲ್ಲ. ಹಳೇ ಕಬ್ಬಿಣದ ಮಷಿನಲ್ಲಿ ಚಕ್ರದ ಮೇಲೆ ಎಷ್ಟು ಚಿತ್ರ ಇದೆಯೋ ಅಷ್ಟೇ ಅವಕಾಶ. 22 ಮನೆ ಇರೋ ಮೂರು ಚಕ್ರಕ್ಕೆ ಒಂದೊಂದೇ ಜಾಕ್‌ಪಾಟ್ ಚಿತ್ರ ಇದ್ರೆ 10,648ಕ್ಕೆ ಒಂದು ಸಲ ಮೂರೂ ಒಟ್ಟಿಗೆ ಬೀಳ್ಬೇಕು. 1984ರಲ್ಲಿ ಅಮೆರಿಕದಲ್ಲಿ ಇಂಗೆ ಟೆಲ್ನೆಸ್ ಅನ್ನೋರಿಗೆ ಒಂದು ಪೇಟೆಂಟ್ ಸಿಕ್ತು, ಕಣ್ಣಿಗೆ ಕಾಣೋ ಚಕ್ರದ ಹಿಂದೆ ಕಂಪ್ಯೂಟರಲ್ಲಿ ಇನ್ನೊಂದು ದೊಡ್ಡ ಚಕ್ರ ಇಟ್ಟು, ಅದರಲ್ಲಿ ಬಂದ ನಂಬರಿಗೆ ತಕ್ಕಂಗೆ ಹೊರಗಿನ ಚಕ್ರ ನಿಲ್ಲಿಸೋ ಉಪಾಯ. ಒಳಗಿನದಕ್ಕೆ 64 ಮನೆ ಕೊಟ್ರೆ ಅದೇ ಜಾಕ್‌ಪಾಟು 2,62,144ಕ್ಕೆ ಒಂದು ಸಲ. ಹೊರಗಡೆ ನೋಡೋನಿಗೆ ಈಗ್ಲೂ 22 ಮನೆಯೇ ಕಾಣ್ತಿರುತ್ತೆ. ಇದಕ್ಕೆ ಇನ್ನೊಂದು ಕೈಚಳಕ ಸೇರಿಸಿದ್ರು: ಜಾಕ್‌ಪಾಟಿನ ಮೇಲೆ ಕೆಳಗೆ ಇರೋ ಖಾಲಿ ಜಾಗಗಳಿಗೇ ಒಳಗಿನ ಮನೆಗಳನ್ನ ಜಾಸ್ತಿ ಹಂಚಿಬಿಟ್ರೆ, ಜಾಕ್‌ಪಾಟಿನ ಚಿತ್ರ ಗೆಲುವು ಲೆಕ್ಕ ಹಾಕೋ ಗೆರೆಯ ಸ್ವಲ್ಪ ಮೇಲೋ ಸ್ವಲ್ಪ ಕೆಳಗೋ ಪದೇ ಪದೇ ಕಾಣಿಸ್ಕೊಳ್ಳುತ್ತೆ. ಅಂದ್ರೆ ಜಸ್ಟ್ ಮಿಸ್ಸು ಅನ್ನೋದು ಹಣೆಬರಹ ಅಲ್ಲ, ಯಾರೋ ಕೂತು ಲೆಕ್ಕ ಹಾಕಿ ಇಟ್ಟಿರೋ ಸೀನು. ಸೋಲು ಅಂತ ತೀರ್ಮಾನ ಆದ್ಮೇಲೆ ಬೇಕಂತ್ಲೇ ನಿಯರ್ ಮಿಸ್ ಆರಿಸಿ ತೋರಿಸ್ತಿದ್ದ ಮಷಿನನ್ನ ಅಮೆರಿಕದ ನೆವಾಡಾ ರಾಜ್ಯದೋರು 1989ರಲ್ಲಿ ಬೇಡ ಅಂದ್ರು, ಆದ್ರೆ ಮನೆ ಹಂಚೋ ಉಪಾಯನ ಹಂಗೇ ಬಿಟ್ರು. ನಂಗಂತೂ ಎರಡಕ್ಕೂ ಏನು ದೊಡ್ಡ ವ್ಯತ್ಯಾಸ ಕಾಣಲ್ಲ.

ನಿಯರ್ ಮಿಸ್ಸಿನ ತಮ್ಮ ಒಬ್ಬ ಇದಾನೆ, ಅವನು ಇನ್ನೂ ನಾಜೂಕು. ಆನ್‌ಲೈನ್ ಸ್ಲಾಟಲ್ಲಿ ಒಂದೇ ಗೆರೆ ಇರಲ್ಲ, 20 ಗೆರೆ ಇದೆ ಅಂದ್ಕೊಳ್ಳಿ, ಗೆರೆಗೆ ಒಂದು ರೂಪಾಯಿ ಅಂತ 20 ಕಟ್ತೀರ, ಯಾವುದೋ ಒಂದು ಗೆರೇಲಿ 6 ರೂಪಾಯಿ ಬರುತ್ತೆ. ತಕ್ಷಣ ಲೈಟು, ನಾಣ್ಯ ಸುರಿಯೋ ಸೌಂಡು, ಸ್ಕ್ರೀನ್ ತುಂಬ ಗೆದ್ದಿರಿ ಅಂತ ಬರಹ. ಗೆದ್ದಿದ್ದೇನು, 14 ರೂಪಾಯಿ ಹೋಗಿದೆ! ಇದಕ್ಕೆ ಗೆಲುವಿನ ವೇಷ ಹಾಕಿದ ಸೋಲು ಅನ್ನಬಹುದು. ಕೆನಡಾದ ವಾಟರ್ಲೂ ಯೂನಿವರ್ಸಿಟಿಯೋರು ಆಡೋರ ಚರ್ಮದ ಬೆವರಿನ ಬದಲಾವಣೆ ಅಳೆದು 2010ರಲ್ಲಿ ಬರೆದ್ರು, ದೇಹ ಈ ವೇಷದ ಸೋಲಿಗೂ ನಿಜವಾದ ಗೆಲುವಿಗೂ ಹೆಚ್ಚುಕಮ್ಮಿ ಒಂದೇ ಥರ ಉದ್ರೇಕ ಆಗುತ್ತೆ ಅಂತ. ಹಂಗಾಗೇ 'ಆವಾಗಾವಾಗ ಹೊಡೀತಾ ಇತ್ತು ಅಣ್ಣ, ದುಡ್ಡು ಹೆಂಗೆ ಖಾಲಿ ಆಯ್ತೋ ಗೊತ್ತಾಗ್ಲಿಲ್ಲ' ಅನ್ನೋನು ಸುಳ್ಳು ಹೇಳ್ತಿಲ್ಲ, ಅವನ ಕಿವಿಗೆ ಗೆಲುವೇ ಕೇಳಿಸಿರುತ್ತೆ.

ಇದರ ಜೊತೆ ಯಾವಾಗ ಬರುತ್ತೆ ಅಂತ ಗೊತ್ತಿಲ್ಲದ ಬಹುಮಾನ. ಸ್ಕಿನ್ನರ್ ಅನ್ನೋ ವಿಜ್ಞಾನಿ ಪಾರಿವಾಳದ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ, ಎಷ್ಟು ಸಲ ಕುಕ್ಕಿದ್ರೆ ಕಾಳು ಬೀಳುತ್ತೆ ಅಂತ ತಿಳೀದೇ ಇದ್ರೆ ಅದು ಬಿಡದೇ ಕುಕ್ತಾನೇ ಇರುತ್ತೆ.

ಇನ್ನು 96 ಪರ್ಸೆಂಟ್ ವಾಪಸ್ ಕೊಡ್ತೀವಿ ಅಂತ ಬರೆದಿರ್ತಾರಲ್ಲ, ಅದನ್ನ ನೋಡಿ ಸಾವಿರ ಹಾಕಿದ್ರೆ 960 ಸಿಗುತ್ತೆ ಬಿಡು ಅಂತ ಎಷ್ಟೋ ಜನ ಅಂದ್ಕೊಂಡಿರ್ತಾರೆ. ಆ 96 ಪ್ರತಿ ಸ್ಪಿನ್ನಿನ ಲೆಕ್ಕ, ಅದೂ ಲಕ್ಷಾಂತರ ಸ್ಪಿನ್ನಿನ ಸರಾಸರಿ. ಹತ್ತು ರೂಪಾಯಿದು, ಮೂರು ಸೆಕೆಂಡಿಗೆ ಒಂದು ಸ್ಪಿನ್ ಅಂದ್ರೆ ಗಂಟೆಗೆ 1,200 ಸ್ಪಿನ್, ಕಟ್ಟಿದ್ದು 12,000, ಅದರ 4 ಪರ್ಸೆಂಟ್ ಅಂದ್ರೆ ಗಂಟೆಗೆ 480 ರೂಪಾಯಿ ಸರಾಸರಿ ಹೋಗುತ್ತೆ. ಬಂದ ಚಿಲ್ಲರೆನೇ ತಿರುಗಾ ಕಟ್ತಾ ಇರೋದ್ರಿಂದ ಜೇಬಲ್ಲಿದ್ದ ಸಾವಿರ ಎರಡು ಗಂಟೆಯಲ್ಲಿ ಹೆಚ್ಚುಕಮ್ಮಿ ಸೊನ್ನೆ. ಹಬ್ಬದಲ್ಲಿ ಊರ ಹೊರಗೆ ಕೂತು ಇಸ್ಪೀಟ್ ಆಡೋರಿಗೆ ಎಲೆ ಕಲಸೋಕಾದ್ರೂ ಟೈಮ್ ಹಿಡಿಯುತ್ತೆ, ಇಲ್ಲಿ ಅದೂ ಇಲ್ಲ, ಕಬ್ಬಿನ ದುಡ್ಡು ಅಕೌಂಟಿಗೆ ಬಿದ್ದ ರಾತ್ರಿನೇ ಯುಪಿಐಲಿ ಹೊರಟೋಗಬಹುದು.

ಸ್ಪೀಡು ಮತ್ತೆ ಸೌಂಡೇ ಅರ್ಧ ಆಟ ಅಂತ ಬ್ರಿಟನ್‌ನೋರಿಗೆ ಗೊತ್ತಾಯ್ತು ಅನ್ಸುತ್ತೆ. 2021ರ ಅಕ್ಟೋಬರ್ 31ರಿಂದ ಅಲ್ಲಿ ಆನ್‌ಲೈನ್ ಸ್ಲಾಟಿಗೆ ಒಂದು ಸ್ಪಿನ್ ಕನಿಷ್ಠ 2.5 ಸೆಕೆಂಡ್ ಇರ್ಬೇಕು, ತಾನಾಗೇ ಸ್ಪಿನ್ ಆಗ್ತಾ ಹೋಗೋ ಆಟೋಪ್ಲೇ ಇಲ್ಲ, ಕಟ್ಟಿದ್ದಕ್ಕಿಂತ ಕಮ್ಮಿ ಬಂದ್ರೆ ಗೆಲುವಿನ ಸೌಂಡು ಹಾಕಂಗಿಲ್ಲ, ನಾನೇ ಕಂಟ್ರೋಲ್ ಮಾಡ್ತಿದೀನಿ ಅನ್ನಿಸೋ ಬಟನ್ನುಗಳೂ ಇಲ್ಲ. ನಮ್ಮಲ್ಲಿ ದಾರಿ ಬೇರೆ. ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸೋಕೆ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೊಡೆದು ಹಾಕ್ತು, ಆಮೇಲೆ 2025ರ ಆಗಸ್ಟಲ್ಲಿ ಕೇಂದ್ರದ ಕಾಯ್ದೆಗೆ ರಾಷ್ಟ್ರಪತಿ ಸಹಿ ಬಿತ್ತು, ಅದರಲ್ಲಿ ದುಡ್ಡು ಕಟ್ಟಿಸ್ಕೊಂಡು ಆಡ್ಸೋರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿ ತನಕ ದಂಡ. ಆಡೋನಿಗೆ ಶಿಕ್ಷೆ ಇಟ್ಟಿಲ್ಲ.

ಹಂಗಂತ ಆಟ ನಿಂತೋಯ್ತು ಅನ್ಕೋಬೇಡಿ. ಟೆಲಿಗ್ರಾಮ್ ಲಿಂಕಲ್ಲಿ ಬರೋ ಎಪಿಕೆ ಫೈಲುಗಳ (ಪ್ಲೇ ಸ್ಟೋರ್ ಬಿಟ್ಟು ನೇರ ಹಾಕ್ಕೊಳ್ಳೋ ಆ್ಯಪ್‌ಗಳ) ವಿಷಯಕ್ಕೆ ಬಂದ್ರೆ ಮೇಲೆ ಹೇಳಿದ ಲೆಕ್ಕ ಎಲ್ಲಾ ಉದಾರ ಲೆಕ್ಕ ಆಗುತ್ತೆ, ಯಾಕಂದ್ರೆ ಆ 96ನೂ ಅಲ್ಲಿ ಯಾರೂ ಚೆಕ್ ಮಾಡಿರಲ್ಲ, ಆ ರ್‍ಯಾಂಡಮ್ ನಂಬರು ರ್‍ಯಾಂಡಮ್ಮೇನಾ ಅಂತ ನೋಡೋರೂ ಇಲ್ಲ. ಮೊದಲ್ನೇ ದಿನ ಕೈತುಂಬ ಕೊಟ್ಟು ಆಮೇಲೆ ಒಂದೊಂದೇ ಏಳು ಜಾರಿಸೋ ಹಂಗೆ ಪ್ರೋಗ್ರಾಮ್ ಮಾಡಿದ್ರೂ ಕೇಳೋಕೆ ಆಫೀಸೇ ಇಲ್ಲ. ಗೆದ್ದ ದುಡ್ಡು ತೆಗೆಯೋಕೆ ಹೋದ್ರೆ ಮೊದಲು ಇಷ್ಟು ಟ್ಯಾಕ್ಸ್ ಕಟ್ಟಿ ಅಂತ ಕೇಳಿದ್ರೆ ಅದು ಆಟನೂ ಅಲ್ಲ, ಸೀದಾ ಮೋಸ, ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಬೇಗ ಫೋನ್ ಮಾಡಿದಷ್ಟೂ ದುಡ್ಡು ತಡೆ ಹಿಡಿಯೋ ಚಾನ್ಸ್ ಜಾಸ್ತಿ. ಮೋಸ ಏನಿಲ್ಲ, ಬಿಡೋಕೇ ಆಗ್ತಿಲ್ಲ ಅನ್ನೋರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಫ್ರೀ, ರಾತ್ರಿನೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು.