ಪದ ಪರಿಚಯ: ಎಲ್‌ಎಸ್‌ಟಿ, ಬೇಕಂತಲೇ ದಡ ಹತ್ತುವ ಹಡಗು

2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆ ಜೋರಾಗಿತ್ತು. ಐಎನ್‌ಎಸ್ ಐರಾವತ ಎಂಬ ಹಡಗು ಸಿಂಗಪುರದಿಂದ ಆಕ್ಸಿಜನ್ ಟ್ಯಾಂಕ್‌ಗಳನ್ನು ಹೊತ್ತು ವಿಶಾಖಪಟ್ಟಣಕ್ಕೆ ಬಂತು. ನಮಗೆಲ್ಲ ಐರಾವತ ಅಂದರೆ ಕೆಎಸ್‌ಆರ್‌ಟಿಸಿ ಬಸ್ಸು. ನೌಕಾಪಡೆಯವರಿಗೆ ಅದೊಂದು ಎಲ್‌ಎಸ್‌ಟಿ. ಈ ಮೂರು ಅಕ್ಷರದ ಹಿಂದೆ ಎರಡನೇ ಮಹಾಯುದ್ಧದ ದೊಡ್ಡ ಕಥೆಯೇ ಇದೆ.

ಬಿಡಿಸಿದರೆ ಲ್ಯಾಂಡಿಂಗ್ ಶಿಪ್, ಟ್ಯಾಂಕ್. ಪದಗಳು ಹಿಂದುಮುಂದಾಗಿವೆ ಅನ್ನಿಸುತ್ತೆ ಅಲ್ವಾ? ಸೈನ್ಯದ ದಾಸ್ತಾನು ಪಟ್ಟಿಯ ರೂಢಿ ಅದು. ದಿನಸಿ ಚೀಟಿಯಲ್ಲಿ ನಾವು 'ಅಕ್ಕಿ, ಸೋನಾ ಮಸೂರಿ' ಅಂತ ಬರೆಯುತ್ತೇವಲ್ಲ, ಹಾಗೆ. ಮೊದಲು ಸಾಮಾನು, ಆಮೇಲೆ ಅದರ ಬಗೆ. ಇಲ್ಲಿ ಟ್ಯಾಂಕ್ ಅಂದರೆ ನೀರಿನ ಟ್ಯಾಂಕ್ ಅಲ್ಲ, ಯುದ್ಧದ ಟ್ಯಾಂಕ್. ಲ್ಯಾಂಡಿಂಗ್ ಅಂದರೆ ಬಂದರೇ ಇಲ್ಲದ ಕಡೆ, ಬರೀ ಮರಳಿನ ದಂಡೆಯ ಮೇಲೆ, ಸೈನ್ಯವನ್ನೂ ಸರಂಜಾಮನ್ನೂ ಇಳಿಸುವುದು. ಅದೂ ಎದುರಿಗೆ ಶತ್ರು ಇರುವಾಗ.

ಶಿಪ್ ಅನ್ನೋ ಪದಕ್ಕೂ ಇಲ್ಲಿ ತೂಕ ಇದೆ. ಇದೇ ಜಾತಿಯ ಚಿಕ್ಕವನ್ನು ಲ್ಯಾಂಡಿಂಗ್ ಕ್ರಾಫ್ಟ್ ಅನ್ನುತ್ತಾರೆ. ಎಲ್‌ಸಿಟಿ, ಎಲ್‌ಸಿವಿಪಿ ಅಂತ ಅವುಗಳಲ್ಲೂ ಬಗೆಗಳಿವೆ. ಯುದ್ಧದ ಚಿತ್ರಗಳಲ್ಲಿ ಮುಂಬಾಗಿಲು ಧೊಪ್ಪನೆ ಬಿದ್ದು ಸೈನಿಕರು ನೀರಿಗೆ ಧುಮುಕುವ ಪುಟ್ಟ ದೋಣಿ ಬರುತ್ತಲ್ಲ, ಅದು ಎಲ್‌ಸಿವಿಪಿ. ಅಂಥದ್ದು ಸಾಗರ ದಾಟಲಾರದು. ಎಲ್‌ಎಸ್‌ಟಿ ದಾಟುತ್ತದೆ. ಸುಮಾರು 328 ಅಡಿ ಉದ್ದ, 50 ಅಡಿ ಅಗಲ. ಆ ಪುಟ್ಟ ದೋಣಿಗಳನ್ನೇ ತನ್ನ ಪಕ್ಕಕ್ಕೆ ತೂಗುಹಾಕಿಕೊಂಡು ಹೋಗುತ್ತದೆ.

ಇಂಥ ಹಡಗು ಬೇಕು ಅಂತ ಮೊದಲು ಹೊಳೆದದ್ದು ಬ್ರಿಟಿಷರಿಗೆ, ಅದೂ ಪೆಟ್ಟು ತಿಂದ ಮೇಲೆ. 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್‌ನಿಂದ ಅವರು ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ವಾಪಸ್ ಕರೆತಂದರು. ಜನ ಬಂದರು. ಟ್ಯಾಂಕು, ಫಿರಂಗಿ, ಲಾರಿ ಎಲ್ಲ ಅಲ್ಲೇ ಉಳಿದವು. ಮರಳಿನ ದಂಡೆಯಿಂದ ಟ್ಯಾಂಕ್ ಎತ್ತಿಕೊಂಡು ಬರುವ ಹಡಗು ಅವರ ಹತ್ತಿರ ಇರಲಿಲ್ಲ. ಹಾಗಾದರೆ ನಾಳೆ ಅದೇ ದಂಡೆಗೆ ಟ್ಯಾಂಕ್ ಒಯ್ದು ಇಳಿಸುವುದು ಹೇಗೆ?

ಮೊದಲು ಇದ್ದದ್ದರಲ್ಲೇ ಹೊಂದಿಸಿದರು. ವೆನೆಜುವೆಲಾದ ಮರಕೈಬೊ ಸರೋವರದ ಬಾಯಲ್ಲಿ ನೀರು ಕಡಿಮೆ. ಅಲ್ಲಿ ಓಡಾಡಲೆಂದೇ ಕಟ್ಟಿದ, ನೀರಲ್ಲಿ ಜಾಸ್ತಿ ಮುಳುಗದ ಮೂರು ಎಣ್ಣೆ ಹಡಗುಗಳನ್ನು ತಂದು ಮೂತಿ ಕತ್ತರಿಸಿ ಬಾಗಿಲು ಕೂರಿಸಿದರು. ಕೆಲಸವೇನೋ ಆಯಿತು, ಆದರೆ ಮೂರು ಹಡಗಿನಿಂದ ಯುದ್ಧ ಗೆಲ್ಲುವುದಕ್ಕೆ ಆಗುತ್ತದಾ? 1941ರ ನವೆಂಬರಿನಲ್ಲಿ ಅಮೆರಿಕದವರ ಮುಂದೆ ಬೇಡಿಕೆ ಇಟ್ಟರು. ಅಲ್ಲಿನ ನೌಕಾಪಡೆಯ ವಿನ್ಯಾಸಕಾರ ಜಾನ್ ನೀಡರ್‌ಮೇರ್ ಕೆಲವೇ ದಿನಗಳಲ್ಲಿ ಒಂದು ಕರಡು ಚಿತ್ರ ಬರೆದ. ಮುಂದೆ ಯುದ್ಧ ಮುಗಿಯುವ ಹೊತ್ತಿಗೆ ಅಮೆರಿಕ ಕಟ್ಟಿದ ಸಾವಿರಕ್ಕೂ ಹೆಚ್ಚು ಎಲ್‌ಎಸ್‌ಟಿಗಳಿಗೆಲ್ಲ ಮೂಲ ಆ ಚಿತ್ರವೇ.

ಆತ ಬಿಡಿಸಿದ ಗಂಟು ಎಂಥದ್ದು ಅಂತ ನೋಡಬೇಕು. ಸಾಗರ ದಾಟಬೇಕಾದರೆ ಹಡಗು ನೀರಲ್ಲಿ ಆಳವಾಗಿ ಕೂತಿರಬೇಕು, ಇಲ್ಲದಿದ್ದರೆ ಅಲೆಗೆ ಬುಗುರಿಯ ಹಾಗೆ ಆಡುತ್ತದೆ. ದಡ ಹತ್ತಬೇಕಾದರೆ ಅದೇ ಹಡಗು ಮೇಲೆ ತೇಲಬೇಕು. ಎರಡೂ ಒಂದೇ ಹಡಗಿನಲ್ಲಿ ಹೇಗೆ? ಉತ್ತರ: ನೀರನ್ನೇ ಭಾರ ಮಾಡಿಕೊಳ್ಳುವುದು. ತಳದಲ್ಲಿ ದೊಡ್ಡ ದೊಡ್ಡ ತೊಟ್ಟಿಗಳು. ಸಾಗರದಲ್ಲಿ ಹೋಗುವಾಗ ಅವುಗಳಿಗೆ ಸಮುದ್ರದ ನೀರು ತುಂಬುತ್ತಾರೆ, ಹಡಗು ಕೆಳಗೆ ಕೂರುತ್ತದೆ. ದಡ ಹತ್ತಿರ ಬಂದಾಗ ಪಂಪ್ ಹಾಕಿ ನೀರು ಹೊರಗೆ ಚೆಲ್ಲುತ್ತಾರೆ, ಹಡಗು ಮೇಲೆ ಏಳುತ್ತದೆ. ಆಗ ಮೂತಿಯ ಕಡೆ ಬರೀ ನಾಲ್ಕು ಅಡಿ ನೀರು ಸಾಕು. ಹಿಂಬದಿಗೆ ಹತ್ತು ಅಡಿ. ದಂಡೆಯ ಇಳಿಜಾರಿಗೆ ತಕ್ಕ ಹಾಗೆ ಹಡಗಿನ ತಳವೂ ಓರೆ. ಇಷ್ಟೇ ಉಪಾಯ. ಜಲಾಂತರ್ಗಾಮಿಯಲ್ಲಿ ಮೊದಲೇ ಇದ್ದದ್ದನ್ನು ತಂದು ಸರಕಿನ ಹಡಗಿಗೆ ಹಾಕಿದ್ದು. ನನಗಂತೂ ಇಡೀ ಹಡಗಿನಲ್ಲಿ ಬಹಳ ಇಷ್ಟವಾದದ್ದು ಇದೇ.

ದಡ ಹತ್ತಿಸುವ ಕೆಲಸಕ್ಕೆ ಒಂದು ಕ್ರಮ ಇದೆ. ಹಡಗು ನೇರ ದಂಡೆಯ ಕಡೆ ಮುಖ ಮಾಡುತ್ತದೆ. ಇನ್ನೂ ಒಂದಿಷ್ಟು ದೂರ ಇರುವಾಗಲೇ ಹಿಂಬದಿಯ ಲಂಗರು ಬಿಡುತ್ತಾರೆ. ಉಕ್ಕಿನ ಹಗ್ಗ ಸರಸರ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಮೂತಿ ಮರಳಿಗೆ ಉಜ್ಜಿ ನಿಲ್ಲುತ್ತದೆ. ಮೂತಿಯ ಎರಡು ಕದ ಅಕ್ಕಪಕ್ಕಕ್ಕೆ ತೆರೆದುಕೊಳ್ಳುತ್ತವೆ. ಒಳಗಿನ ರ‍್ಯಾಂಪ್ ಕೆಳಗೆ ಇಳಿಯುತ್ತದೆ. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚ್ ಹತ್ತಿದವರು ಬಸ್ಸು, ಜೀಪು ಹಲಗೆಯ ಮೇಲಿಂದ ಇಳಿದು ಹೋಗುವುದನ್ನು ನೋಡಿರುತ್ತಾರೆ. ಇಲ್ಲೂ ಅದೇ, ಆದರೆ ಇಳಿಯುವುದು ಒಂದೊಂದೂ ಮೂವತ್ತು ಟನ್ನಿನ ಟ್ಯಾಂಕು. ಎಲ್ಲ ಇಳಿದ ಮೇಲೆ ಆ ಲಂಗರಿನ ಹಗ್ಗವನ್ನು ಯಂತ್ರದಿಂದ ಎಳೆದುಕೊಳ್ಳುತ್ತಾರೆ. ಹಡಗು ತನ್ನನ್ನು ತಾನೇ ಹಿಂದಕ್ಕೆ ಜಗ್ಗಿಕೊಂಡು ನೀರಿಗೆ ಇಳಿಯುತ್ತದೆ.

1944ರ ಜೂನಿನಲ್ಲಿ ಅಮೆರಿಕ, ಬ್ರಿಟನ್ ಕಡೆಯ ಸೈನ್ಯ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಇಳಿದದ್ದು ನಾರ್ಮಂಡಿಯ ದಂಡೆಯಲ್ಲಿ. ಅಲ್ಲಿ ಇನ್ನೊಂದು ಸುಲಭದ ದಾರಿಯೂ ಸಿಕ್ಕಿತು. ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ ತುಂಬ ಜಾಸ್ತಿ. ಇಳಿತ ಶುರುವಾಗುವಾಗ ದಡ ಹತ್ತಿಸಿ ಸುಮ್ನೆ ಕೂತರೆ ನೀರು ತಾನಾಗಿ ಹಿಂದೆ ಸರಿಯುತ್ತದೆ. ಹಡಗು ಒಣ ಮರಳಿನ ಮೇಲೆ ಕಟ್ಟಡದ ಹಾಗೆ ನಿಲ್ಲುತ್ತದೆ. ಲಾರಿಗಳು ಚಕ್ರ ಒದ್ದೆಯಾಗದಂತೆ ಇಳಿದು ಹೋಗುತ್ತವೆ. ಹಡಗಿನ ಬೆನ್ನು ಮುರಿದೀತು ಅಂತ ಮೊದಲು ಹೆದರಿದ್ದರು. ಮುರಿಯಲಿಲ್ಲ. ಮುಂದಿನ ಉಬ್ಬರಕ್ಕೆ ತೇಲಿಕೊಂಡು ಹೊರಟುಬಿಡುತ್ತಿತ್ತು.

ಹಡಗು ಸುಖದ್ದೇನೂ ಅಲ್ಲ. ತಳ ಚಪ್ಪಟೆ, ಅದಕ್ಕೇ ಸ್ವಲ್ಪ ಅಲೆ ಎದ್ದರೂ ಹೊರಳಾಡುತ್ತಿತ್ತು. ವೇಗ ಹೆಚ್ಚೆಂದರೆ 12 ನಾಟ್, ಅಂದರೆ ಗಂಟೆಗೆ 22 ಕಿಲೋಮೀಟರ್. ಸೈಕಲ್ ತುಳಿಯುವವನೂ ಹಿಂದೆ ಹಾಕಬಹುದು. ಎಲ್‌ಎಸ್‌ಟಿ ಅಂದರೆ 'ಲಾರ್ಜ್ ಸ್ಲೋ ಟಾರ್ಗೆಟ್' ಅಂತ ನಾವಿಕರೇ ತಮಾಷೆ ಮಾಡುತ್ತಿದ್ದರು. ದೊಡ್ಡದು, ನಿಧಾನದ್ದು, ಗುರಿಯಿಡಲು ಸುಲಭದ್ದು. 1944ರ ಏಪ್ರಿಲ್ 28ರ ರಾತ್ರಿ ಆ ತಮಾಷೆ ತಮಾಷೆಯಾಗಿ ಉಳಿಯಲಿಲ್ಲ. ಇಂಗ್ಲೆಂಡಿನ ಸ್ಲ್ಯಾಪ್ಟನ್ ಸ್ಯಾಂಡ್ಸ್ ದಂಡೆಯಲ್ಲಿ ದೊಡ್ಡ ತಾಲೀಮು ನಡೆಯುತ್ತಿತ್ತು. ಅದಕ್ಕೆ ಬರುತ್ತಿದ್ದ ಎಲ್‌ಎಸ್‌ಟಿಗಳ ಸಾಲಿನೊಳಗೆ ಜರ್ಮನರ ವೇಗದ ದೋಣಿಗಳು ನುಗ್ಗಿ ಟಾರ್ಪಿಡೊ ಬಿಟ್ಟವು. 507 ಮತ್ತು 531 ಮುಳುಗಿದವು, 289 ಜಖಂ ಆಯಿತು. ನೂರಾರು ಅಮೆರಿಕನ್ನರು ಸತ್ತರು.

ಗಮನಿಸಿದಿರಾ, ಇವಕ್ಕೆ ಹೆಸರೇ ಇಲ್ಲ. ಬರೀ ನಂಬರು. ಯುದ್ಧಹಡಗಿಗೆ ರಾಜ್ಯದ ಹೆಸರೋ ವೀರರ ಹೆಸರೋ ಇಡುವ ಅಮೆರಿಕದವರು ಇವಕ್ಕೆ ಮಾತ್ರ ಲಾರಿಗೆ ನಂಬರ್ ಪ್ಲೇಟ್ ಬರೆದ ಹಾಗೆ ಅಂಕಿ ಬರೆದು ಬಿಟ್ಟರು. ಅಷ್ಟು ಬೇಗ ಬೇಗ ಕಟ್ಟುತ್ತಿದ್ದರು. ಕರಾವಳಿಯ ಹಡಗುಕಟ್ಟೆಗಳು ಸಾಲದೆ, ಸಮುದ್ರದಿಂದ ನೂರಾರು ಮೈಲಿ ಒಳಗೆ, ನದಿ ದಂಡೆಯ ಊರುಗಳಲ್ಲೂ ಕಟ್ಟಿಸಿದರು. ಜೋಳದ ಹೊಲದ ಪಕ್ಕದ ಹಡಗುಕಟ್ಟೆ ಅಂತ ಅವುಗಳಿಗೆ ಅಡ್ಡಹೆಸರು. ಒಹಾಯೊ ನದಿಯ ಎವನ್ಸ್‌ವಿಲ್ ಊರೊಂದರಲ್ಲೇ 167 ತಯಾರಾದವು.

ಒಂದು ನಂಬರಿನ ಜಾತಕ ನೋಡೋಣ: 325. ಇದು ಹುಟ್ಟಿದ್ದು ಫಿಲಡೆಲ್ಫಿಯಾದ ನೌಕಾಪಡೆಯ ಕಟ್ಟೆಯಲ್ಲಿ. ನೀರಿಗೆ ಇಳಿದದ್ದು 1942ರ ಅಕ್ಟೋಬರ್ 27ರಂದು, ಸೇವೆಗೆ ಸೇರಿದ್ದು 1943ರ ಫೆಬ್ರವರಿ 1ರಂದು. ಅದೇ ಜುಲೈನಲ್ಲಿ ಸಿಸಿಲಿಯ ಜೆಲಾ, ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೊ. 1944ರ ಜೂನ್ 7ರಂದು, ಅಂದರೆ ಮೊದಲ ದಾಳಿಯ ಮರುದಿನ, ನಾರ್ಮಂಡಿಯ ಒಮಾಹಾ ದಂಡೆಯ ಮುಂದೆ ಲಂಗರು ಹಾಕಿತು. ಆ ದಿನ ಅದು ದಡ ಹತ್ತಲಿಲ್ಲ. ಸಾಮಾನನ್ನೂ ಜನರನ್ನೂ ಚಿಕ್ಕ ದೋಣಿಗಳಿಗೆ ದಾಟಿಸಿ ಕಳಿಸಿತು. ಆಮೇಲೆ ಮುಂದಿನ ಏಪ್ರಿಲ್‌ವರೆಗೆ ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಹೋಗಿಬಂದು ಮಾಡಿದ್ದು 40ಕ್ಕೂ ಹೆಚ್ಚು ಸಲ.

ಹೋಗುವಾಗ ಟ್ಯಾಂಕು, ಲಾರಿ. ಬರುವಾಗ ಖಾಲಿ ಬರುತ್ತಿರಲಿಲ್ಲ. ಟ್ಯಾಂಕ್ ನಿಂತಿದ್ದ ಅದೇ ಜಾಗದಲ್ಲಿ ಗಾಯಾಳುಗಳ ಸ್ಟ್ರೆಚರ್, ಕೆಲವು ಸಲ ಸೆರೆಸಿಕ್ಕ ಜರ್ಮನರು. ನಾರ್ಮಂಡಿಯಿಂದ ಎಲ್‌ಎಸ್‌ಟಿಗಳೆಲ್ಲ ಸೇರಿ ಹೀಗೆ ವಾಪಸ್ ತಂದ ಗಾಯಾಳುಗಳು 41 ಸಾವಿರಕ್ಕೂ ಜಾಸ್ತಿ. ಟಿ ಅಂದರೆ ಟ್ಯಾಂಕ್ ಅಂತ ಪಟ್ಟಿಯಲ್ಲಿ ಬರೆದದ್ದು ಅಷ್ಟೇ, ಹೊತ್ತದ್ದು ಎಲ್ಲವನ್ನೂ. 1944ರ ಡಿಸೆಂಬರ್ 28ರಂದು ಫ್ರಾನ್ಸಿನ ತೀರದಾಚೆ ಎಂಪೈರ್ ಜಾವೆಲಿನ್ ಎಂಬ ಸೈನಿಕರ ಹಡಗಿಗೆ ಏಟು ಬಿತ್ತು. 325 ಪಕ್ಕಕ್ಕೆ ಹೋಗಿ ಸುಮಾರು 700 ಜನರನ್ನು ಹತ್ತಿಸಿಕೊಂಡಿತು.

ಯುದ್ಧ ಮುಗಿದ ಮೇಲೆ ಈ ಹಡಗುಗಳು ದಿಕ್ಕಿಗೊಂದರಂತೆ ಚದುರಿದವು. ಎಷ್ಟೋ ಗುಜರಿಗೆ ಹೋದವು. ಬ್ರಿಟಿಷರು ತಾವೇ ಕಟ್ಟಿಸಿದ ಮಾದರಿಯ ಒಂದು, ನಂಬರ್ 3011, 1949ರಲ್ಲಿ ಭಾರತಕ್ಕೆ ಬಂತು. ನಮ್ಮ ನೌಕಾಪಡೆ ಅದಕ್ಕೆ ಮಗರ್ ಅಂತ ಹೆಸರಿಟ್ಟಿತು. ಮೊಸಳೆ! ನೀರಲ್ಲೂ ಇರುವ, ದಡಕ್ಕೂ ಹತ್ತುವ ಪ್ರಾಣಿ. ಇದಕ್ಕಿಂತ ಸರಿಯಾದ ಹೆಸರು ಇನ್ನೊಂದು ಸಿಗಲಿಕ್ಕಿಲ್ಲ. ಆ ಹಳೆ ಮಗರ್ ಹೋದ ಮೇಲೆ ಕೋಲ್ಕತ್ತದಲ್ಲಿ ಕಟ್ಟಿದ ಹೊಸ ಮಗರ್ 1987ರಲ್ಲಿ ಬಂತು. 2020ರ ಮೇ ತಿಂಗಳಲ್ಲಿ ಮಾಲ್ಡೀವ್ಸ್‌ನಲ್ಲಿ ಸಿಕ್ಕಿಕೊಂಡಿದ್ದ 202 ಭಾರತೀಯರನ್ನು ಕೊಚ್ಚಿಗೆ ಕರೆತಂದದ್ದು ಅದೇ. 2023ರಲ್ಲಿ ನಿವೃತ್ತಿ ಆಯಿತು. ಐರಾವತ ಅದರ ನಂತರದ ಪೀಳಿಗೆ.

325ರ ಕಥೆಗೆ ಬರೋಣ. 1946ರಲ್ಲಿ ಅದನ್ನು ಸೇವೆಯಿಂದ ತೆಗೆದರು. 1951ರಲ್ಲಿ ಮತ್ತೆ ಎಬ್ಬಿಸಿ ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯ ಹಿಮದ ಸಮುದ್ರಕ್ಕೆ ಕಳಿಸಿದರು, ರೇಡಾರ್ ಠಾಣೆ ಕಟ್ಟುವವರಿಗೆ ಸಾಮಾನು ಹೊರಲು. 1964ರಲ್ಲಿ ಗ್ರೀಸ್ ದೇಶಕ್ಕೆ ಕೊಟ್ಟರು. ಅಲ್ಲಿ ಅದಕ್ಕೆ ಮೊದಲ ಸಲ ಒಂದು ಹೆಸರು ಸಿಕ್ಕಿತು: ಸೈರೋಸ್, ಒಂದು ದ್ವೀಪದ ಹೆಸರು. 1999ರವರೆಗೂ ದುಡಿಯಿತು.

2000ದಲ್ಲಿ ಅಮೆರಿಕದ ಮಾಜಿ ನಾವಿಕರ ಒಂದು ಗುಂಪು ಗ್ರೀಸಿನ ಕ್ರೀಟ್ ದ್ವೀಪಕ್ಕೆ ಬಂದಿಳಿಯಿತು, ಅಲ್ಲಿ ನಿಂತಿದ್ದ 325ನ್ನು ಅಮೆರಿಕಕ್ಕೆ ವಾಪಸ್ ಒಯ್ಯಲು. ಸರಾಸರಿ ವಯಸ್ಸು 72. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಅಂತೀವಲ್ಲ, ಅದು. ತುಕ್ಕು ಕೆರೆದರು, ಎಂಜಿನ್ ರಿಪೇರಿ ಮಾಡಿದರು. ಈ ವಯಸ್ಸಲ್ಲಿ, ಈ ಹಡಗಲ್ಲಿ, ಚಳಿಗಾಲದ ಅಟ್ಲಾಂಟಿಕ್ ದಾಟುವುದು ಬೇಡ ಅಂತ ಬುದ್ಧಿ ಹೇಳಿದವರೂ ಇದ್ದರು. ಕೇಳಲಿಲ್ಲ. ನವೆಂಬರಿನಲ್ಲಿ ಹೊರಟರು. ಜಿಬ್ರಾಲ್ಟರ್‌ನಲ್ಲಿ ನಿಂತು, ಅಲ್ಲಿಂದ ಡಿಸೆಂಬರ್ 12ಕ್ಕೆ ಸಾಗರಕ್ಕೆ ಇಳಿದರು. ಅದೇ ಚಪ್ಪಟೆ ತಳ, ಅದೇ ಹೊರಳಾಟ, ಅದೇ ಸೈಕಲ್ ವೇಗ. 2001ರ ಜನವರಿ 10ರಂದು ಅಲಬಾಮಾದ ಮೊಬೀಲ್ ಬಂದರಿಗೆ ಮುಟ್ಟಿದರು. ದಂಡೆ ತುಂಬ ಜನ ಕಾಯುತ್ತಿದ್ದರು.

ಈಗ ಅದರ ಊರು ಎವನ್ಸ್‌ವಿಲ್, 167 ಎಲ್‌ಎಸ್‌ಟಿ ಕಟ್ಟಿದ ಅದೇ ಊರು. ಜನ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ನೋಡುತ್ತಾರೆ. ಗ್ರೀಕರು ಕೊಟ್ಟ ಚೆಂದದ ಹೆಸರು ಹಡಗಿನ ಮೇಲೆ ಈಗ ಇಲ್ಲ. ಮೂತಿಯ ಮೇಲೆ ದೊಡ್ಡದಾಗಿ ಬಿಳಿ ಬಣ್ಣದಲ್ಲಿ ಬರೆದಿರುವುದು ಮೂರೇ ಅಂಕಿ: 325.