ಎಲೆ ಎತ್ತಿದ ಮೇಲೆ ಪಾಯಸಕ್ಕೆ ಕೈ ಚಾಚಿದವನು

ರಾತ್ರಿ ಒಂಬತ್ತರ ಮೇಲೆ ತೀರ್ಥಹಳ್ಳಿಯಿಂದ ದೊಡ್ಡಪ್ಪನ ಫೋನ್ ಬಂದರೆ ಅಡಿಕೆ ರೇಟಿನ ವಿಷಯ, ಇಲ್ಲದಿದ್ದರೆ ಕಂಪ್ಯೂಟರಿನ ವಿಷಯ. ಈ ಸಲ ಎರಡನೆಯದು. "ಆಫ್ ಮಾಡೋಕೆ ಹೋದ್ರೆ ಮತ್ತೆ ಅದೇ ಎರರ್ ಬರ್ತದೆ ಮಾರಾಯ. ವೈರಸ್ಸೇ ಇರ್ಬೇಕು."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಮೊದಲು ಏನೇ ಆದರೂ ಗಾಳಿ ಸೋಕಿದೆ ಅನ್ನುತ್ತಿದ್ದರು, ಈಗ ವೈರಸ್ ಅನ್ನುತ್ತಾರೆ. ಭಾನುವಾರ ಹೋಗಿ ನೋಡಿದರೆ ಆಯುಧಪೂಜೆಗೆ ಸಿಪಿಯು ಡಬ್ಬದ ಮೇಲಿಟ್ಟ ನಿಂಬೆಹಣ್ಣು ಒಣಗಿ ಗೋಲಿಯಾಗಿ ಅಲ್ಲೇ ಕೂತಿತ್ತು. ತೆಗೆಯುವ ಧೈರ್ಯ ಯಾರಿಗೂ ಇಲ್ಲ.

ಶಟ್‌ಡೌನ್ ಒತ್ತಿದೆ. ಒಂದು ಚೌಕ ಮಿಂಚಿ ಮಾಯವಾಯಿತು. ಎರಡನೇ ಸಲ ಮೊಬೈಲಿನಲ್ಲಿ ವಿಡಿಯೋ ಮಾಡಿ ನಿಲ್ಲಿಸಿ ಓದಿದೆ. ಇಂಥ ವಿಳಾಸದಲ್ಲಿದ್ದ ಆದೇಶ ಸೊನ್ನೆ ವಿಳಾಸದ ಮೆಮೊರಿಯನ್ನು ಕೇಳಿತು, ಓದಲು ಆಗಲಿಲ್ಲ ಎಂದಿತ್ತು. ವಿಳಾಸ ಅಂದರೆ ಮೆಮೊರಿಯ ಒಂದೊಂದು ಜಾಗಕ್ಕೂ ಇರುವ ನಂಬರು. ಸಾಲು ಸಾಲು ಸೊನ್ನೆ ನೋಡಿದವರು ಹೆದರದೆ ಇರುತ್ತಾರಾ?

ಶಟ್‌ಡೌನ್ ಅಂದರೆ ಕರೆಂಟು ಕಡಿಯುವ ಕೆಲಸ ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಿಜವಾಗಿ ಅದು ಮದುವೆಮನೆಯಲ್ಲಿ ಪಂಕ್ತಿ ಏಳಿಸುವ ಕೆಲಸ. ಯಜಮಾನ ಸಾಲಿನುದ್ದಕ್ಕೂ "ನಿಧಾನಕ್ಕೆ ಆಗ್ಲಿ, ಎಲ್ಲರದ್ದೂ ಆಯ್ತಾ?" ಅಂತ ಕೇಳಿಕೊಂಡು ಬರುತ್ತಾನೆ. ವಿಂಡೋಸ್ ಕೂಡ ತೆರೆದಿರುವ ಪ್ರತಿ ಪ್ರೋಗ್ರಾಮಿಗೆ ಒಂದು ಸಂದೇಶ ಕಳಿಸಿ "ಮುಗಿಸಲಾ?" ಅಂತ ಕೇಳುತ್ತದೆ. ಹೂಂ ಅಂದವರು ಏಳುತ್ತಾರೆ. ಪತ್ರ ಬರೆದು ಸೇವ್ ಮಾಡದೆ ಬಿಟ್ಟಿದ್ದರೆ ಆ ಪ್ರೋಗ್ರಾಮು "ತಡಿ, ಮಜ್ಜಿಗೆ ಬರಲಿ" ಅನ್ನುತ್ತದೆ. ಸುಮಾರು 5 ಸೆಕೆಂಡು ಕಾದರೂ ಉತ್ತರ ಬರದಿದ್ದರೆ "ಈ ಆ್ಯಪ್ ಶಟ್‌ಡೌನ್ ತಡೆಯುತ್ತಿದೆ" ಎಂಬ ಪಟ್ಟಿ ಬರುತ್ತದೆ. ಅದು ಗದರಿಕೆಯಲ್ಲ, ಯಾರ ಊಟ ಬಾಕಿ ಅಂತ ತೋರಿಸುವುದು ಅಷ್ಟೇ. ನೋಡದೆ "ಶಟ್‌ಡೌನ್ ಎನಿವೇ" ಒತ್ತಿದರೆ ಬರೆದ ಪತ್ರ ಹೋಯಿತು.

ದೊಡ್ಡಪ್ಪನದು ಬೇರೆ ಜಾತಿಯ ತಪ್ಪು. ಎದ್ದವರ ಎಲೆಗಳನ್ನು ತೆಗೆಯುತ್ತಾ ಹೋಗುತ್ತಾರಲ್ಲ, ಅಲ್ಲೊಬ್ಬ ಪಕ್ಕದವನ ಹತ್ತಿರ ಮಾತಾಡುತ್ತಾ ಕೂತಿದ್ದಾನೆ. ಅವನ ಎಲೆಯೂ ಹೋಯಿತು. ಅವನು ತಿರುಗದೆಯೇ ಪಾಯಸಕ್ಕೆ ಕೈ ಚಾಚಿದ. ಬೆರಳಿಗೆ ಸಿಕ್ಕಿದ್ದು ನೆಲ! ಪ್ರೋಗ್ರಾಮಿನ ಒಂದು ಭಾಗ ಮೆಮೊರಿ ವಾಪಸ್ ಕೊಟ್ಟು, ಅದರ ವಿಳಾಸದ ಜಾಗದಲ್ಲಿ ಸೊನ್ನೆ ಬರೆದಾಗಿದೆ, ಇನ್ನೊಂದು ಭಾಗಕ್ಕೆ ಅದು ಗೊತ್ತಿಲ್ಲ. ದಿನವಿಡೀ ಈ ತಪ್ಪು ಕಾಣುವುದಿಲ್ಲ, ಯಾಕೆಂದರೆ ಆಗ ಯಾರೂ ಎಲೆ ಎತ್ತುವುದಿಲ್ಲ. ಶಟ್‌ಡೌನಿನಲ್ಲಿ ಎಲ್ಲರ ಎಲೆಯೂ ಒಟ್ಟಿಗೇ ಏಳುತ್ತದೆ.

ಆ ಸೊನ್ನೆಗೂ ಒಂದು ಕಥೆಯಿದೆ. "ಇಲ್ಲಿ ಏನೂ ಇಲ್ಲ" ಅಂತ ಗುರುತು ಹಾಕುವ ಈ ಉಪಾಯವನ್ನು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಎಂಬ ಪ್ರೋಗ್ರಾಮಿಂಗ್ ಭಾಷೆಗಾಗಿ ಮಾಡಿದವರು ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್. 2009ರಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ವಿಂಡೋಸ್ ಬೇಕೆಂದೇ ಸೊನ್ನೆಯಿಂದ ಮೊದಲ 64 ಕಿಲೋಬೈಟ್ ವಿಳಾಸಗಳನ್ನು ಯಾರಿಗೂ ಕೊಡದೆ ಖಾಲಿ ಬಿಡುತ್ತದೆ. ಅಲ್ಲಿಗೆ ಕೈ ಹಾಕಿದವನು ತಕ್ಷಣ ಸಿಕ್ಕಿಬೀಳಲಿ ಅಂತ. ಅಂದರೆ ಆ ಚೌಕ ಕಾವಲುಗಾರನ ಸೀಟಿ.

ಹಾಗಾಗಿ ಸಂಖ್ಯೆಗಳನ್ನು ಬಿಟ್ಟು ಚೌಕದ ತಲೆಯ ಮೇಲಿನ ಹೆಸರು ಓದಿ. ದೊಡ್ಡಪ್ಪನ ವಿಡಿಯೋದಲ್ಲಿ ಇದ್ದದ್ದು ಸ್ಕ್ಯಾನರಿನ ಸಹಾಯಕ ಪ್ರೋಗ್ರಾಮು. ಪಹಣಿ ಜೆರಾಕ್ಸ್ ಮಾಡೋಕೆ ಅಂತ ತಂದ ಪ್ರಿಂಟರಿನ ಜೊತೆ ಬಂದದ್ದು. ಯಾವ ದಿನ ಯಾವ ಪ್ರೋಗ್ರಾಮು ಕೆಟ್ಟಿತು ಅಂತ ವಿಂಡೋಸ್ ಬರೆದಿಡುವ ಪಟ್ಟಿಯನ್ನು ರಿಲಯಬಿಲಿಟಿ ಹಿಸ್ಟರಿ ಅಂತ ಹುಡುಕಿ ತೆರೆದೆ. ಅಲ್ಲಿಯೂ ದಿನಕ್ಕೊಂದು ಕೆಂಪು ಗುರುತು, ಅದೇ ಹೆಸರು. ಟಾಸ್ಕ್ ಮ್ಯಾನೇಜರಿನಲ್ಲಿ, ಕಂಪ್ಯೂಟರು ಶುರುವಾದಾಗ ತಾವಾಗೇ ಏಳುವ ಪ್ರೋಗ್ರಾಮುಗಳ ಸ್ಟಾರ್ಟಪ್ ಪಟ್ಟಿಯಲ್ಲಿ, ಅದನ್ನು ಡಿಸೇಬಲ್ ಮಾಡಿದೆ. ಪ್ರಿಂಟರು ಆರಾಮಾಗಿ ನಡೆಯುತ್ತಿದೆ. ಒಂದೊಂದು ದಿನ ಒಂದೊಂದು ಹೆಸರು ಬರುತ್ತಿದ್ದರೆ ಮಾತ್ರ ಮೆಮೊರಿ ಚಿಪ್ಪಿನ, ಅಂದರೆ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ವಿಂಡೋಸಿನಲ್ಲೇ ಮೆಮೊರಿ ಡಯಾಗ್ನಾಸ್ಟಿಕ್ ಇದೆ, ಓಡಿಸಿ ನೋಡಿ.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಇನ್ನೊಂದು ತಮಾಷೆ ಕಂಡಿತು. ದಿನಾ ರಾತ್ರಿ ಆಫ್ ಮಾಡುವ ಕಂಪ್ಯೂಟರು 23 ದಿನದಿಂದ ಎದ್ದೇ ಇದೆ ಅನ್ನುತ್ತಿದೆ! 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಬಂದಿದೆ. ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟು ಬೆಳಿಗ್ಗೆ ಊದುಗೊಳವೆಯಲ್ಲಿ ಊದಿದ ಹಾಗೆ, ವಿಂಡೋಸ್ ತನ್ನ ಒಳಭಾಗವನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಒಲೆ ಪೂರ್ತಿ ಆರಬೇಕಿದ್ದರೆ ರಿಸ್ಟಾರ್ಟ್ ಕೊಡಿ, ಅಥವಾ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಒತ್ತಿ.

"ಇಷ್ಟೆಲ್ಲಾ ಯಾಕೆ, ಸ್ವಿಚ್ ತೆಗೆದ್ರೆ ಆಯ್ತಲ್ಲ?" ಅಂದರು ದೊಡ್ಡಪ್ಪ. ಅವರನ್ನೂ ಪೂರ್ತಿ ಬೈಯುವ ಹಾಗಿಲ್ಲ. ವಿಂಡೋಸ್ 95 ಕಾಲದಲ್ಲಿ "ಈಗ ಆಫ್ ಮಾಡಬಹುದು" ಅಂತ ಕಿತ್ತಳೆ ಬಣ್ಣದ ಅಕ್ಷರ ಬಂದ ಮೇಲೆ ನಾವೇ ಸ್ವಿಚ್ ಒತ್ತುತ್ತಿದ್ದೆವು. ತನ್ನ ಕರೆಂಟನ್ನು ತಾನೇ ಕಡಿದುಕೊಳ್ಳುವುದು ಕಂಪ್ಯೂಟರಿಗೆ ಬಂದದ್ದು ಎಟಿಎಕ್ಸ್ ಎಂಬ 1995ರ ಡಬ್ಬ ಮತ್ತು ಪವರ್ ಸಪ್ಲೈ ವಿನ್ಯಾಸ, ಎಸಿಪಿಐ ಎಂಬ 1996ರ ಕರೆಂಟು ನಿರ್ವಹಣೆಯ ನಿಯಮಗಳ ನಂತರ. ಆದರೆ ನೀವು ಸೇವ್ ಮಾಡಿದ ಕಡತದ ಒಂದು ಪಾಲು ಇನ್ನೂ ರ‍್ಯಾಮಿನಲ್ಲೇ ಸರದಿಯಲ್ಲಿ ನಿಂತಿರಬಹುದು. ಸ್ವಿಚ್ ತೆಗೆದರೆ ಅದು ಡಿಸ್ಕ್ ಸೇರುವುದೇ ಇಲ್ಲ. ಪೂರ್ತಿ ಹ್ಯಾಂಗ್ ಆಗಿದ್ದಾಗ ಮಾತ್ರ ಪವರ್ ಬಟನ್ ಒತ್ತಿ ಹಿಡಿಯಬೇಕು.

ಇದನ್ನು ಹೇಳುತ್ತಿರುವಾಗಲೇ ಮಳೆ ಜೋರಾಯಿತು, ಕರೆಂಟು ಹೋಯಿತು. 1035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಇರುವುದು ನಮ್ಮ ಜಿಲ್ಲೆಯಲ್ಲೇ ಅಲ್ವಾ! ಯುಪಿಎಸ್ ಬೀಪ್ ಬೀಪ್ ಅನ್ನತೊಡಗಿತು. ದೊಡ್ಡಪ್ಪ ಟಾರ್ಚ್ ಹಿಡಿದು ಮೌಸ್ ಎಳೆದು ಶಟ್‌ಡೌನ್ ಒತ್ತಿದರು. ಚೌಕ ಬರಲಿಲ್ಲ. ಡಬ್ಬದ ದೀಪ ಆರುವವರೆಗೆ ಕಾದು, ಆಮೇಲೆ ಸ್ವಿಚ್ ತೆಗೆದರು.

"ನಿಂಬೆಹಣ್ಣು ತೆಗೀಲಾ?" ಅಂದೆ.

"ಅದು ಇರ್ಲಿ ಬಿಡೋ" ಅಂದರು.